ಇಳಕಲ್ಲಿನ ಗ್ರಹಣಪಾಠ

ನೂಲಿನ ಉಂಡೆಯೊಂದನ್ನು ಅಂಗೈಯಲ್ಲಿಟ್ಟುಕೊಂಡು ನೋಡಿದ್ದೀರಾ? ಅಷ್ಟು ಹಗುರವಾದ ಭೂಮಿಯನ್ನು ನಾನು ಬೇರೆಲ್ಲೂ ಕಂಡಿಲ್ಲ. ಐವತ್ತರ ದಶಕದಲ್ಲಿ ಬಾಗಲಕೋಟೆಯಿಂದ ಇಳಕಲ್ಲಿನ ಹೆಣ್ಣುಮಕ್ಕಳ ಶಾಲೆಗೆ ಶಿಕ್ಷಕಿಯಾಗಿ, ನಮ್ಮ ಕಡೆಯ ಮಾತಿನಲ್ಲಿ ‘ಅಕ್ಕೋರಾಗಿ’, ಬಂದಾಗ, ಆಕಾಶದ ಪಾಠಕ್ಕೆಂದು ಅಲ್ಲಿ ಇದ್ದದ್ದು ಪುಸ್ತಕದೊಳಗಿನ ಒಂದು ಮಸುಕು ಚಿತ್ರ ಮಾತ್ರ. ಭೂಗೋಳದ ಗೋಲವೊಂದು ಬೇಕೆಂದು ಮೇಲಿನವರಿಗೆ ಬರೆದೆ. ಬಂದದ್ದು ಮೂಲೆ ಹರಿದ ಮುಂಬಯಿ ರಾಜ್ಯದ ನಕಾಶೆ.

ನಾನು ಇಳಿದುಕೊಂಡದ್ದು ನೇಕಾರರ ಗೌರವ್ವನ ಮನೆಯಲ್ಲಿ. ಐವತ್ತು ದಾಟಿದ್ದ ಆಕೆಗೆ ಅಕ್ಷರ ಬಾರದು. ಆದರೆ ಮಗ್ಗದಲ್ಲಿ ಕೂತರೆ ಸೆರಗಿನ ಒಂದೆಳೆಯೂ ತಪ್ಪದು. ನನ್ನ ಪೇಚಾಟ ಕೇಳಿ ಆಕೆ ಎರಡು ನೂಲಿನುಂಡೆಗಳನ್ನು ಕೈಗಿತ್ತಳು. “ಇದರಾಗ ಭೂಮಿ, ಚಂದ್ರಾಮ ಆಗಂಗಿಲ್ಲೇನ್ರಿ ಅಕ್ಕೋರ?”

ಧಾರಾಳವಾಗಿ ಆದವು. ದೊಡ್ಡ ಉಂಡೆಯ ಸುತ್ತ ಚಿಕ್ಕದನ್ನು ತಿರುಗಿಸುತ್ತ ಗ್ರಹಣವನ್ನು ವಿವರಿಸಿ ನಾನು ಹಿಗ್ಗುತ್ತಿದ್ದಾಗಲೇ ನೀಲವ್ವನೆಂಬ ಹುಡುಗಿ ಎದ್ದು ನಿಂತಳು. “ಚಂದ್ರಾಮ ಪ್ರತಿ ಅಮಾಸಿಗೂ ನಡುವ ಬರ್ತಾನಲ್ರಿ? ಮತ್ತ ಪ್ರತಿ ಅಮಾಸಿಗೂ ಗ್ರಹಣ ಯಾಕ ಹಿಡಿಯಂಗಿಲ್ಲ?”

ಚಂದ್ರನ ದಾರಿ ತುಸು ಓರೆ ಎಂದೆ. ಇಡೀ ತರಗತಿ ಕಣ್ಣು ಪಿಳಿಪಿಳಿ ಬಿಟ್ಟಿತು. ಮತ್ತೆ ಹೇಳಿದೆ; ನನ್ನ ಮಾತು ನನಗೇ ತಿಳಿಯದಾಯಿತು. ಆ ಸಂಜೆ ಗೌರವ್ವನೆದುರು ಈ ಸೋಲನ್ನು ಒಪ್ಪಿಕೊಂಡೆ.

ಆ ಸಲ ಮಣ್ಣೆತ್ತಿನ ಅಮಾವಾಸ್ಯೆಯ ಬೆಳಿಗ್ಗೆಯೇ ಸೂರ್ಯಗ್ರಹಣ. ಮಕ್ಕಳಿಗೆ ಅದನ್ನು ತೋರಿಸದಿದ್ದರೆ ನನ್ನ ಪಾಠವೆಲ್ಲ ಬರಿಯ ಬಾಯಿಮಾತಾಗಿ ಉಳಿಯುತ್ತಿತ್ತು. ಆದರೆ ಗ್ರಹಣದ ಹೊತ್ತಿಗೆ ಮಗಳನ್ನು ಹೊರಗೆ ಬಿಡುವ ತಾಯಿ ಯಾರು? ಗೌರವ್ವನೂ ಕದ ಮುಚ್ಚಿ ಕೂರುವವಳೇ. “ಹೊರಗ ಬ್ಯಾಡ್ರಿ ಅಕ್ಕೋರ. ಹುಡುಗ್ಯಾರನ್ನ ನಮ್ಮ ಮನಿಗೇ ಕರೀರಿ, ನಾ ಕಾಯ್ತೇನಿ,” ಎಂದಳು. ಅವಳ ಮೇಲಿನ ಭರವಸೆಯಿಂದ ಏಳು ಹುಡುಗಿಯರು ಗ್ರಹಣ ಹಿಡಿಯುವ ಮೊದಲೇ ಬಂದು ಪಡಸಾಲೆಯಲ್ಲಿ ಕೂತರು.

ಮೂಡಣ ಕಿಟಕಿಯ ಮುಚ್ಚಿದ ಕದದಲ್ಲಿ ಮೊಳೆ ಕಿತ್ತ ತೂತೊಂದಿತ್ತು. ಅದರಿಂದ ಇಳಿದ ಬಿಸಿಲಿಗೆ ಎದುರಾಗಿ, ಬಿಳಿ ಕಾಗದ ಅಂಟಿಸಿದ ಹಲಗೆಯನ್ನಿಟ್ಟೆ. ಕುಂಕುಮದ ಬೊಟ್ಟಿನಷ್ಟು ದುಂಡನೆಯ ಬೆಳಕು ಮೂಡಿತು. ಅದು ಸೂರ್ಯನ ಬಿಂಬವೆಂದರೆ ಯಾರೂ ನಂಬಲಿಲ್ಲ. ಸ್ವಲ್ಪ ಹೊತ್ತಿಗೆ ಅದರ ಅಂಚನ್ನು ಯಾರೋ ಕಚ್ಚಿದಂತಾಯಿತು, ಕಚ್ಚಿದ್ದು ಬೆಳೆಯಿತು, ಬೊಟ್ಟು ಕುಡಗೋಲಾಯಿತು. ಹುಡುಗಿಯರು ಕಿರುಚಿದರು. ಶಿವನಾಮ ಜಪಿಸುತ್ತಿದ್ದ ಗೌರವ್ವ ಜಪ ಮರೆತು ಹಲಗೆಯ ಬಳಿಗೆ ಸರಿದಳು. “ಅಯ್ಯ ನನ್ನಪ್ಪಾ, ಸೂರ್ಯಾ ನನ್ನ ಮನಿಯಾಗ ಬಂದಾನಲ್ಲ!”

ಆಮೇಲೆ ಆಕೆ ಒಮ್ಮೆಲೇ ಎದ್ದು ಮಗ್ಗದ ಲಾಳಿಯನ್ನು ತಂದು ಬಿಸಿಲಕೋಲಿನ ಪಕ್ಕ ನಿಂತಳು. “ನೀಲವ್ವಾ, ಇಲ್ಲೆ ನೋಡ. ಈ ಲಾಳಿ ಚಂದ್ರಾಮ. ಒಂದ ತಿಂಗಳ ಮ್ಯಾಲ ಹಾದು ಹೋದ.” ಲಾಳಿ ಬೆಳಕಿನ ಮೇಲಿಂದ ಸರಿಯಿತು; ಹಲಗೆಯ ಸೂರ್ಯ ಅಲುಗಲಿಲ್ಲ. “ಒಂದ ತಿಂಗಳ ಕೆಳಗ ಹಾದು ಹೋದ.” ಆಗಲೂ ಏನೂ ಆಗಲಿಲ್ಲ. “ಸೂರ್ಯಾ ಚಂದ್ರಾಮ ಎರಡೂ ಒಂದ ಎಳಿ ಮ್ಯಾಲ ಬಂದವು ಅಂದ್ರ...” ಲಾಳಿ ನೇರ ನಡುವೆ ಬಂದಿತು, ಕುಡಗೋಲು ಮಾಯವಾಯಿತು. “ಅಕ್ಕೋರು ಓರೆ ಅಂದದ್ದು ಇದನ್ನ ನೋಡವ್ವ!”

ನೀಲವ್ವ ಚಪ್ಪಾಳೆ ತಟ್ಟಿದಳು. ನಾನೂ ತಟ್ಟಿದೆ. ವಿದ್ಯೆ ಕೊಡಲು ಬಂದವಳೆಂಬ ನನ್ನ ಸಣ್ಣ ಜಂಬ ಆ ಬೆಳಿಗ್ಗೆ ಎಷ್ಟು ಸುಖವಾಗಿ ಕರಗಿತೆಂದು ಹೇಗೆ ಹೇಳಲಿ! ಗ್ರಹಣ ಬಿಟ್ಟ ಮೇಲೆ ಗೌರವ್ವ ತನ್ನ ಪದ್ಧತಿಯಂತೆ ಸ್ನಾನ ಮಾಡಿ, ಎಲ್ಲರಿಗೂ ಹೋಳಿಗೆ ಬಡಿಸಿದಳು.

ಮರುದಿನ ಉಳಿದ ಮಕ್ಕಳಿಗೂ ಹೇಳಿಕೊಡೆಂದು ಕಾಡಿ ಬೇಡಿ ಅವಳನ್ನು ಶಾಲೆಗೆ ಕರೆದೊಯ್ದೆ. ಹುಟ್ಟಿದಾಗಿನಿಂದ ಶಾಲೆಯ ಹೊಸಿಲು ತುಳಿಯದ ಹೆಂಗಸು, ಸೆರಗು ಹೊದ್ದು, ಅಳುಕುತ್ತ ನನಗಿಂತ ಮುಂದೆ ಒಳಗೆ ಕಾಲಿಟ್ಟಳು. ತರಗತಿಯೆಲ್ಲ ಒಟ್ಟಿಗೆ ಎದ್ದು ನಿಂತು, “ನಮಸ್ಕಾರ್ರಿ ಅಕ್ಕೋರ!” ಎಂದಿತು.

ಗೌರವ್ವ ಗಡಬಡಿಸಿ ಪಕ್ಕಕ್ಕೆ ಸರಿದು ನನಗೆ ದಾರಿ ಬಿಟ್ಟಳು. ಮಕ್ಕಳು ಮಾತ್ರ ಅವಳನ್ನೇ ನೋಡುತ್ತಿದ್ದರು.