ಲಾಂದ್ರದ ಗಿಡವೂ ಕಳೆಯಕ್ಕನೂ

ಬೆಳಕು ಇನ್ನೂ ಪೂರ್ತಿ ಹರಿದಿಲ್ಲ. ಊರ ಉದ್ಯಾನದ ಸಸಿಮಡಿಯಲ್ಲಿ ಮೊಣಕಾಲೂರಿದ ಹೆಂಗಸು ಗಿಡವೊಂದರ ಬುಡ ಹಿಡಿದು, ತುಸು ಅಲ್ಲಾಡಿಸಿ, ಬೇರುಸಮೇತ ಎಳೆಯುತ್ತಾಳೆ. ಎಸೆಯುವುದಿಲ್ಲ, ಮಲಗಿದ ಮಗುವನ್ನು ತೊಟ್ಟಿಲಿಗೆ ಹಾಕುವಂತೆ ಮೆಲ್ಲಗೆ ಚೀಲಕ್ಕಿಳಿಸುತ್ತಾಳೆ. "ಕೊಡವಿದ್ರೆ ಮುಗೀತು. ಉದುರಿದ ಬೀಜ ಮಣ್ಣಲ್ಲಿ ವರ್ಷಗಟ್ಟಲೆ ನಿದ್ದೆ ಮಾಡಿ ಏಳುತ್ತೆ." ಜೊತೆಯವರಿಗೆ ಅವಳು ಕಳೆಯಕ್ಕ.

ಅವಳು ಬೆನ್ನು ಹತ್ತಿರುವುದು ಬದನೆ, ಟೊಮೆಟೊಗಳ ಬಳಗದ ಒಂದು ಪರದೇಶಿ ಗಿಡವನ್ನು. ಎದೆಯೆತ್ತರ ಬೆಳೆಯುತ್ತದೆ, ಎಲೆಯಂಚು ಹಲ್ಲುಹಲ್ಲು, ಹೂವು ತಿಳಿನೀಲಿ. ಹೂ ಬಾಡಿದ ಮೇಲೆ ಐದು ಮೂಲೆಯ ಹಸಿರು ಪೊರೆ ಕಾಯಿಯನ್ನು ಸುತ್ತಿಕೊಳ್ಳುತ್ತದೆ. ಒಣಗಿದರೆ ಥೇಟ್ ಕಾಗದದ ಲಾಂದ್ರ. ಅಂದಕ್ಕೆಂದು ಯಾರೋ ಗೇಟಿನ ಬಳಿ ನೆಟ್ಟರು. ಒಣ ಲಾಂದ್ರಗಳು ಕಚೇರಿಯ ಹೂದಾನಿ ಏರಿದವು. ಧೂಳು ಹಿಡಿದಾಗ ಮಾಲಿಗಳು ಅವನ್ನು ಗೊಬ್ಬರದ ಗುಂಡಿಗೆ ಸುರಿದರು. ಆ ಗೊಬ್ಬರ ಮಡಿಮಡಿಗೂ ಹೋಯಿತು. "ನಾವೇ ಬುಟ್ಟೀಲಿ ಹೊತ್ತು ಬಿತ್ತಿದ್ವಿ," ಎಂದು ಕಳೆಯಕ್ಕ ನಗುತ್ತಾಳೆ.

ಆ ನಗು ಹೆಚ್ಚು ಹೊತ್ತು ನಿಲ್ಲುವುದಿಲ್ಲ. ಲಾಂದ್ರಗಳು ಒಣಗುವ ಮೊದಲು ಮಡಿ ಚೊಕ್ಕಟವಾಗದಿದ್ದರೆ ಕಳೆನಾಶಕ ಹೊಡೆಸುತ್ತೇನೆಂದು ಉದ್ಯಾನದ ಮೇಸ್ತ್ರಿ ಹೇಳಿಬಿಟ್ಟಿದ್ದಾರೆ. ಹೊಡೆದರೆ, ಅವಳೇ ಬೀಜ ಹಾಕಿ ಎಬ್ಬಿಸಿದ ನೆರಳುಮರದ ಸಸಿಗಳೂ ಸುಟ್ಟುಹೋಗುತ್ತವೆ. "ಔಷಧಿಗೆ ನಮ್ಮೋರು, ಬೇರೆಯೋರು ಅಂತ ಗೊತ್ತಾಗುತ್ತಾ?"

ಇಷ್ಟು ಕಿತ್ತರೂ ಆ ಹೂ ಅರಳಿದ್ದನ್ನು ಅವಳು ಕಂಡಿಲ್ಲ. ಅದು ಬಾಯಿ ಬಿಡುವುದು ನಡುಹಗಲಲ್ಲಿ, ಸ್ವಲ್ಪವೇ ಹೊತ್ತು. ಆಗ ಅವಳು ತನ್ನ ಎರಡನೇ ಕೆಲಸಕ್ಕೆಂದು ಹಾಸ್ಟೆಲೊಂದರ ಅಡುಗೆಮನೆಯಲ್ಲಿ ಪಾತ್ರೆ ಉಜ್ಜುತ್ತಿರುತ್ತಾಳೆ. ಮಧ್ಯಾಹ್ನವೆಲ್ಲ ಉದ್ಯಾನದ ಬೆಂಚಿನಲ್ಲೇ ಕಳೆಯುವ ಅವಳ ಮಾವನಿಗೆ ಅದೇ ತಮಾಷೆ.

"ನಿನ್ನ ಶತ್ರು ಎಷ್ಟು ಚೆಂದ ಇದ್ದಾಳೆ ಗೊತ್ತೇನಮ್ಮ? ನೀಲಿ ಲಂಗ, ಬಿಳೀ ಕತ್ತು!"

"ಹಾಗಾದ್ರೆ ಮನೆಗೇ ಕರ್ಕೊಂಡು ಬನ್ನಿ ಮಾವ. ಪಾತ್ರೆ ಅವಳೇ ಉಜ್ಜಲಿ."

ಹಾಸ್ಟೆಲಿಗೆ ರಜೆಯಿದ್ದ ದಿನವೇ ಕೊನೆಯ ಮಡಿ ಮುಗಿಯುತ್ತದೆ. ಲಾಂದ್ರಗಳಿನ್ನೂ ಹಸಿರು. ಒಂದೇ ಒಂದು ಗಿಡ ಉಳಿದದ್ದು ನೋಡಿ ಮೇಸ್ತ್ರಿ ಹುಬ್ಬೇರಿಸುತ್ತಾರೆ. "ಸಂಜೆವರೆಗೆ ಬಿಡಿ ಸಾರ್. ಅದು ನನ್ನ ಜವಾಬ್ದಾರಿ."

ಬಿಸಿಲೇರಿದಾಗ ಅವಳು ಮಾವನ ಪಕ್ಕ ಕೂತಿರುತ್ತಾಳೆ. ಹೂ ತೆರೆದುಕೊಳ್ಳುತ್ತದೆ. ಹೂ ಮತ್ತೆ ಮುಚ್ಚಿಕೊಂಡ ಮೇಲೆ ಅವಳು ಎದ್ದು ಗಿಡದ ಬುಡಕ್ಕೆ ಕೈ ಹಾಕುತ್ತಾಳೆ.

"ಇನ್ನೊಂದಿನ ಇರಲಿ ಬಿಡಮ್ಮ."

"ಚೆಂದಾನೇ ಇದ್ದಾಳೆ ಮಾವ, ಇಲ್ಲ ಅನ್ನಲ್ಲ," ಎನ್ನುತ್ತ ಅದನ್ನೂ ಮೆಲ್ಲಗೆ ಚೀಲಕ್ಕಿಳಿಸುತ್ತಾಳೆ. "ಆದ್ರೆ ಈ ಮಡಿ ನನ್ನ ಸಸಿಗಳದ್ದು."