ಅಮ್ಮನ ಚರಕ, ಅಕ್ಕನ ಚಕ್ರ

ನಾನು ಚಿಕ್ಕವನಿದ್ದಾಗ ನಮ್ಮ ಮನೆಯ ಬಾವುಟ ಅಕ್ಕಿ ಡಬ್ಬದ ತಳದಲ್ಲಿ ಇರುತ್ತಿತ್ತು. ಹಲಸೂರಿನ ಒಂದು ಕಿರಿದಾದ ಓಣಿಯಲ್ಲಿ ನಮ್ಮ ಮನೆ. ಹಲಸೂರು ಸೇರಿದ್ದ ಕಂಟೋನ್ಮೆಂಟ್ ಆಗ ಬ್ರಿಟಿಷರ ಕೈಯಲ್ಲಿತ್ತು. ತ್ರಿವರ್ಣ ಬಾವುಟ ಮನೆಯಲ್ಲಿದೆ ಎಂದು ಹೊರಗೆ ಹೇಳಲು ದೊಡ್ಡವರೂ ಹೆದರುತ್ತಿದ್ದರು.

ಅದನ್ನು ಹೊಲಿದವಳು ಅಮ್ಮ. ಮೇಲೆ ಕೇಸರಿ, ಕೆಳಗೆ ಹಸಿರು, ನಡುವಿನ ಬಿಳಿ ಖಾದಿಯ ಮೇಲೆ ನೀಲಿ ದಾರದ ಕಸೂತಿಯಲ್ಲಿ ಚರಕ. ಅದು ಹಾರುವುದನ್ನು ನೋಡುವ ಮೊದಲೇ ಅಮ್ಮ ಜ್ವರ ಬಂದು ತೀರಿಕೊಂಡಳು. ಅಕ್ಕಿ ತೆಗೆಯುವ ನೆಪದಲ್ಲಿ ಅಕ್ಕ ಆಗಾಗ ಬಾವುಟವನ್ನು ಹೊರಗೆಳೆದು ಮೂಸಿ ನೋಡುತ್ತಿದ್ದಳು. ನಾನೂ ಮೂಸುತ್ತಿದ್ದೆ. ಅಕ್ಕಿಯ ವಾಸನೆ ಬಿಟ್ಟರೆ ಬೇರೇನೂ ಉಳಿದಿರಲಿಲ್ಲ.

ನಾನು ಹೇಳುತ್ತಿರುವುದು ೧೯೪೭ರ ಆಗಸ್ಟ್ ಹದಿನಾಲ್ಕರ ಮಾತು. ಮರುದಿನ ಬೆಳಿಗ್ಗೆ ಬಾವುಟ ಏರಿಸಲು ಓಣಿಯ ನಡುವೆ ಸರ್ವೆ ಮರದ ಕಂಬ ನೆಟ್ಟಾಗಿತ್ತು. ಬಟ್ಟೆಗೂ ರೇಷನ್ ಇದ್ದ ಕಾಲ ಅದು. ಈಗ ಶಿವಾಜಿನಗರ ಎನ್ನುತ್ತೇವಲ್ಲ, ಆ ಕಡೆಯ ಅಂಗಡಿಗಳಲ್ಲೆಲ್ಲ ಹುಡುಕಿದರೂ ಓಣಿಯವರಿಗೆ ಬಾವುಟ ಸಿಕ್ಕಿರಲಿಲ್ಲ. "ನಮ್ಮನೇಲಿದೆ" ಎಂದು ಅಕ್ಕ ಎಲ್ಲರಿಗೂ ಹೇಳಿಬಿಟ್ಟಿದ್ದಳು.

ಅಪ್ಪ ಅಚ್ಚುಕೂಟದಲ್ಲಿ ಅಕ್ಷರದ ಮೊಳೆ ಜೋಡಿಸುವ ಕೆಲಸದಲ್ಲಿದ್ದರು. ಮಧ್ಯಾಹ್ನ ಊಟಕ್ಕೆ ಬಂದವರು ಮಸಿಯ ಕೈಯಲ್ಲೇ ಪತ್ರಿಕೆ ಬಿಡಿಸಿ ಹೊಸ ಬಾವುಟದ ಚಿತ್ರ ತೋರಿಸಿದರು.

"ಬಣ್ಣ ಮೂರೂ ಅವೇ ಕಣಮ್ಮ. ನಡುವೆ ಮಾತ್ರ ಚರಕ ಹೋಗಿ ಅಶೋಕನ ಚಕ್ರ ಬಂದಿದೆ. ಸಾರನಾಥದ ಕಂಬದ ಮೇಲಿರೋದು."

ಅಕ್ಕನ ಮುಖ ಬಿಗಿಯಿತು. "ಅಂದ್ರೆ ಅಮ್ಮ ಹಾಕಿದ್ದನ್ನ ಬಿಚ್ಚಬೇಕಾ? ಹಾಗಾದ್ರೆ ನಮ್ಮ ಬಾವುಟ ಕೊಡೋದೇ ಇಲ್ಲ."

ಪಕ್ಕದ ಮನೆಯ ತಮಿಳು ಅಜ್ಜಿ ಬಾಗಿಲಲ್ಲೇ ಕೂತಿದ್ದರು. ಓಣಿಯ ಮಕ್ಕಳಿಗೆಲ್ಲ ಅವರು ಪಾಟಿ. "ಓಣಿಗೆಲ್ಲಾ ಡಂಗುರ ಹೊಡೆದವಳು ನೀನೇ ತಾನೇ? ನಾಳೆ ಕಂಬಕ್ಕೆ ಏನು ಕಟ್ಟೋದು, ನನ್ನ ಸೀರೆನಾ?" ಎಂದರು.

ಅಪ್ಪ ನಗಲಿಲ್ಲ. ಒತ್ತಾಯವನ್ನೂ ಮಾಡಲಿಲ್ಲ. ಬಾವುಟವನ್ನು ಬಾಗಿಲ ಬೆಳಕಿಗೆ ಹಿಡಿದು, ಅಕ್ಕನನ್ನು ಅದರ ಹಿಂಬದಿಗೆ ಕರೆದರು. ಅಲ್ಲಿ ಚರಕ ತಿರುಗುಮುರುಗಾಗಿತ್ತು. ದಾರದ ಗಂಟುಗಳು, ಅಡ್ಡಾದಿಡ್ಡಿ ಎಳೆಗಳು ಎದ್ದು ಕಾಣುತ್ತಿದ್ದವು.

"ನಾನು ದಿನಾ ಉಲ್ಟಾ ಅಕ್ಷರ ಜೋಡಿಸೋನು. ಕಾಗದಕ್ಕೆ ಒಂದೇ ಮುಖ ಸಾಕು. ಬಾವುಟ ಹಾಗಲ್ಲ. ಚಕ್ರ ಆದ್ರೆ ಯಾವ ಕಡೆ ನಿಂತು ನೋಡಿದ್ರೂ ಚಕ್ರವೇ. ಆಮೇಲೆ ನಿನ್ನಿಷ್ಟ" ಎಂದು ಹೇಳಿ ಅಪ್ಪ ಕೈ ತೊಳೆಯಲು ಹೋದರು.

ಅಕ್ಕ ಹೊಸ್ತಿಲಲ್ಲಿ ನಿಂತು ಕಂಬವನ್ನು ನೋಡಿದಳು. ಅದರ ಈಚೆಗೆ ನಮ್ಮ ಮನೆ, ಪಾಟಿಯ ಮನೆ. ಆಚೆಗೆ ದಖನಿ ಉರ್ದು ಮಾತಾಡುವ ಸಾಹೇಬರ ಮನೆಗಳ ಸಾಲು. ಅವರಿಗೆ ಕಾಣುವುದು ಬಾವುಟದ ಹಿಂಬದಿ. ಆಮೇಲೆ ಒಳಗೆ ಬಂದು ಸೂಜಿಯ ತುದಿಯಿಂದ ಮೊದಲ ಹೊಲಿಗೆ ಎತ್ತಿದಳು.

ಬೇರೆ ನೀಲಿ ದಾರ ನಮ್ಮಲ್ಲಿರಲಿಲ್ಲ. ಬಿಚ್ಚಿದ ದಾರ ಸುರುಳಿ ಸುರುಳಿಯಾಗಿತ್ತು. ಅಕ್ಕ ಅದನ್ನು ಒದ್ದೆ ಮಾಡಿ ಚೊಂಬಿಗೆ ಬಿಗಿಯಾಗಿ ಸುತ್ತಿ ಒಣಗಿಸಿದಳು. ಬಟ್ಟಲು ಬೋರಲು ಹಾಕಿ ವೃತ್ತ ಎಳೆದಳು. ಗಡಿಯಾರದಂತೆ ಹನ್ನೆರಡು ಗೆರೆ, ಅವುಗಳ ನಡುನಡುವೆ ಇನ್ನೊಂದೊಂದು. ಚಕ್ರದ ಇಪ್ಪತ್ತನಾಲ್ಕು ಕಡ್ಡಿಗಳು ಸರಿಹೋದವು. ಎರಡು ಮುಖವೂ ಒಂದೇ ಥರ ಕಾಣುವಂತೆ ಗಂಟು ಹಾಕದೆ, ಎಳೆಯ ತುದಿಯನ್ನು ಹೊಲಿಗೆಯೊಳಗೇ ಅಡಗಿಸುತ್ತಾ ಹೋದಳು. ಬತ್ತಿ ಹಚ್ಚುವ ಹೊತ್ತಿಗೆ ಹೊರಗಿನ ಬಳೆಗೆ ದಾರ ಸಾಲಲಿಲ್ಲ.

ಪಾಟಿ ತಮ್ಮ ಹಳೆಯ ನೀಲಿ ಸೀರೆಯ ಅಂಚಿನಿಂದ ಎಳೆ ಹಿರಿದುಕೊಟ್ಟರು. "ಸೀರೆ ಕಟ್ಟೋದಾ ಅಂದಿದ್ದೆ, ನೋಡು, ನೀನು ಕಟ್ಟಿಸಿಯೇಬಿಟ್ಟೆ!"

ಬೆಳಿಗ್ಗೆ ಬಾವುಟ ಮೇಲೇರಿತು. ಬಟ್ಟೆ ಗಾಳಿಗೆ ಪಟಪಟಿಸಿತು. ಎದುರು ಸಾಲಿನ ಮುದುಕರೊಬ್ಬರು ಕಣ್ಣಿಗೆ ಕೈ ಅಡ್ಡ ಹಿಡಿದು, "ಇಧರ್ ಸೆ ಭೀ ಸೀದಾಚ್ ಹೈ, ಬೇಟಿ" ಎಂದರು. ಈ ಕಡೆಯಿಂದಲೂ ಸರಿಯಾಗೇ ಇದೆ, ಮಗಳೇ ಎಂದು. ಅಕ್ಕ ಕಂಬ ದಾಟಿ ಅವರ ಪಕ್ಕದಲ್ಲಿ ಹೋಗಿ ನಿಂತು ತಲೆಯೆತ್ತಿದಳು. ಅವಳು ಅತ್ತದ್ದು ಆಗಲೇ. ಅಪ್ಪ ಬಂದು ಅವಳ ತಲೆಯ ಮೇಲೆ ಕೈಯಿಟ್ಟರು.

ಮಕ್ಕಳೇ, ಆ ಬಾವುಟ ಹಾರಿ ಹಾರಿ ಸವೆದುಹೋಯಿತು. ಈಗ ನಿಮಗೆ ಇಂದಿರಾನಗರದ ಸಿಗ್ನಲ್ಲಿನಲ್ಲಿ ಕಾರಿನ ಕಿಟಕಿಗೇ ಬಾವುಟ ಬರುತ್ತದೆ. ವರ್ಷವಿಡೀ ಮನೆಯ ಮೇಲೆ ಹಾರಿಸಬಹುದು ಎಂದು ೨೦೦೨ರಿಂದ ನಿಯಮವೂ ಬದಲಾಗಿದೆ. ನಿಮ್ಮ ಅಪ್ಪ ನಮ್ಮ ತಾರಸಿಗೊಂದು ಖಾದಿ ಬಾವುಟ ತಂದ. ಮೊನ್ನೆ ಅದನ್ನು ಹಗ್ಗಕ್ಕೆ ಕಟ್ಟುವಾಗ ನಿಮ್ಮಲ್ಲೊಬ್ಬಳು ಅದನ್ನು ಮಗುಚಿ ಮಗುಚಿ ನೋಡಿ, "ತಾತ, ಇದಕ್ಕೆ ಉಲ್ಟಾ ಯಾವ್ದು?" ಎಂದು ಕೇಳಿದಳು.

"ಉಲ್ಟಾ ಇಲ್ಲ ಪುಟ್ಟಿ" ಎಂದೆ. ಅಷ್ಟು ಹೇಳುವುದು ನನಗೆ ಸುಲಭವಾಗಿತ್ತು. ಅದಕ್ಕಾಗಿ ಅಕ್ಕ ಅಮ್ಮನ ಹೊಲಿಗೆ ಬಿಚ್ಚಬೇಕಾಗಿತ್ತು.