ಖಾಲಿ ಖಾನೆಗೊಂದು ಕೆಂಪು ಹಲಗೆ

ಬೆಳಗಿನ ಆರು ಗಂಟೆ. ಆಸ್ಪತ್ರೆಯ ನೆಲಮಾಳಿಗೆಯ ಕಡತದ ಕೋಣೆಯಲ್ಲಿ ದೀಪ ಹಾಕಿ, ತೋಳೇರಿಸಿ, ಫೈಲಕ್ಕ ಏಣಿ ಹತ್ತುತ್ತಾರೆ. ಮೂವತ್ತೊಂದು ವರ್ಷದಿಂದ ಇದೇ ಏಣಿ. ಮೊಣಕಾಲು ನೋವು ಅವರಿಗಿಂತ ಏಣಿಗೇ ಜಾಸ್ತಿ ಇದ್ದೀತು. "ಒಂಬತ್ತರೊಳಗೆ ನಾನೂರು ಫೈಲು ಮೇಲಕ್ಕೆ ಹೋಗ್ಬೇಕು. ಮಾತೆಲ್ಲ ಆಮೇಲೆ!" ಎನ್ನುತ್ತಲೇ ಮಾತಿಗಿಳಿಯುತ್ತಾರೆ.

ಗಂಡ ತೀರಿಕೊಂಡಾಗ ಮಗಳಿಗೆ ಎರಡು ವರ್ಷ. ನೆಲ ಒರೆಸುವ ಕೆಲಸಕ್ಕೆಂದು ಇಲ್ಲಿಗೆ ಬಂದವರು ಒರೆಸುತ್ತ ಒರೆಸುತ್ತಲೇ ಗೂಡುಗಳ ಗುಟ್ಟು ಕಲಿತರು. ಎಂಬತ್ತು ಸಾವಿರ ಕಡತ, ಸಾವಿರ ಗೂಡು, ಗೂಡಿನೊಳಗೆ ಕಡತಕ್ಕೊಂದು ಖಾನೆ. ರೋಗಿಯ ಸಂಖ್ಯೆಯ ಕೊನೆಯ ಮೂರು ಅಂಕಿಯೇ ಗೂಡಿನ ವಿಳಾಸ. "ಹೆಸರು ನೋಡಿ ಇಟ್ರೆ ಒಂದೇ ಅಕ್ಷರದವ್ರೆಲ್ಲ ಒಂದೇ ಮೂಲೇಲಿ ಗುದ್ದಾಡ್ತಾರೆ. ಕೊನೇ ಅಂಕಿ ನೋಡಿದ್ರೆ ಎಲ್ಲ ಗೂಡಿಗೂ ಸಮಪಾಲು."

ಗೂಡು ತುಂಬಿದ್ದರೆ ಹೊಸ ಕಡತ ಪಕ್ಕದ ಗೂಡಿಗೆ ಹೋಗುತ್ತದೆ. ಹುಡುಕುವವರೂ ಅದೇ ದಾರಿಯಲ್ಲಿ ಸಾಗಿ, ಖಾಲಿ ಖಾನೆ ಕಂಡಲ್ಲಿ ನಿಲ್ಲಬೇಕು. ಇಲ್ಲೇ ಜಾಗವಿದ್ದರೆ ಕಡತ ಪಕ್ಕಕ್ಕೇಕೆ ಹೋದೀತು? ಅದಕ್ಕೇ ಕಡತ ತೆಗೆದ ಖಾನೆಯಲ್ಲಿ ಅಂಗೈಯಗಲದ ಕೆಂಪು ಹಲಗೆ ಇಡಲೇಬೇಕು. 'ಇಲ್ಲಿ ಒಂದಿತ್ತು, ಮುಂದೆಯೂ ಹುಡುಕಿ' ಎಂದು ಅದರ ಅರ್ಥ.

ಅಷ್ಟರಲ್ಲಿ ಫೋನ್ ಬಡಿದುಕೊಳ್ಳುತ್ತದೆ. ಆಪರೇಷನ್ ಕೋಣೆಯ ನರ್ಸ್. "ಏಳು ವರ್ಷದ ಹುಡುಗಿ, ತುರ್ತು ಆಪರೇಷನ್. ಹೋದ ಸಲ ಯಾವುದೋ ಔಷಧಿಗೆ ಉಸಿರೇ ಕಟ್ಟಿತ್ತಂತೆ. ಯಾವುದು ಅಂತ ತಾಯಿಗೆ ಗೊತ್ತಿಲ್ಲ. ಬೇಗ ಫೈಲ್ ಕೊಡಿ!"

ಕೋಣೆಯಲ್ಲಿ ಫೈಲಕ್ಕನ ಜೊತೆ ಕೆಲಸ ಮಾಡುವ ಜೊತೆಗಾತಿ ಸಂಖ್ಯೆ ಕೇಳಿಕೊಂಡು 613ನೇ ಗೂಡಿಗೆ ಓಡುತ್ತಾಳೆ. "ಅಕ್ಕಾ, ಇದ್ರಲ್ಲಿಲ್ಲ. ಒಂದು ಖಾನೆ ಖಾಲಿ ಇದೆ, ಇನ್ನು ಪಕ್ಕದಲ್ಲೂ ಇರಲ್ಲ."

ಫೈಲಕ್ಕ ತಟ್ಟನೆ ಜೇಬು ಮುಟ್ಟಿಕೊಳ್ಳುತ್ತಾರೆ. ನಿನ್ನೆ ಆ ಖಾನೆಯ ಕಡತ ತೆಗೆದವರು ಅವರೇ. ಅದೇ ಗಳಿಗೆಗೆ ಮಗಳಿಗೆ ಹೆರಿಗೆಯಾದ ಸುದ್ದಿ ಬಂತು, ಅಜ್ಜಿಯಾದ ಸಂಭ್ರಮದಲ್ಲಿ ಹಲಗೆ ಜೇಬಿನಲ್ಲೇ ಉಳಿಯಿತು.

"ಇಲ್ಲ ಅನ್ಬೇಡ ಕಣೇ! ತಪ್ಪು ನಂದು. ಪಕ್ಕದ್ದು ನೋಡು!"

614ರಲ್ಲಿ ಕಡತ ಸಿಗುತ್ತದೆ. ಅದನ್ನು ಕಿತ್ತುಕೊಂಡು ಫೈಲಕ್ಕ ಎರಡೆರಡು ಮೆಟ್ಟಿಲು ಹಾರುತ್ತ ತಾವೇ ಓಡುತ್ತಾರೆ. ನೋವಿನ ಮೊಣಕಾಲು ಎಲ್ಲಿ ಹೋಯಿತೋ!

ಹತ್ತು ಗಂಟೆಗೆ ನರ್ಸ್ ಕೆಳಗಿಳಿದು ಬರುತ್ತಾರೆ. "ಕಣ್ಣು ಬಿಟ್ಲು. ಬಿಟ್ಟ ತಕ್ಷಣ, ನನ್ನ ಚಪ್ಪಲಿ ಎಲ್ಲಿ ಅಂತ ಜೋರು ಮಾಡಿದ್ಲು." ಕೋಣೆಯೆಲ್ಲ ನಗು. ಫೈಲಕ್ಕ ನಗುತ್ತಲೇ ಕಣ್ಣೊರೆಸಿಕೊಂಡು, ಜೇಬಿನ ಹಲಗೆಯನ್ನು ಅದರ ಖಾನೆಗೆ ಸೇರಿಸುತ್ತಾರೆ.

ಮುಂದಿನ ತಿಂಗಳು ಅವರ ನಿವೃತ್ತಿ. ಏನು ಬೇಕೆಂದು ಕೇಳಿದರೆ ಜೊತೆಗಾತಿಯ ಕಡೆ ನೋಡುತ್ತಾರೆ.

"ಭಾಷಣಗೀಷಣ ಬೇಡಪ್ಪ. ನನ್ನ ಕುರ್ಚಿ ಮೇಲೆ ಒಂದು ಕೆಂಪು ಹಲಗೆ ಇಟ್ಬಿಡಿ, ಸಾಕು. ಖಾಲಿ ಇದೆ ಅಂತ ಯಾರೂ ವಾಪಸ್ ಹೋಗ್ಬಾರ್ದು. ಪಕ್ಕದ ಕುರ್ಚೀಲಿ ಇವಳಿದಾಳೆ. ನಾನೇ ಕಲಿಸಿದ್ದು."